ಗಣಕಯಂತ್ರದೊಳಗಣ ಪಹಣಿ

ತುಮಕೂರಿನಿಂದ ಗುಬ್ಬಿಗೆ ಸುಮಾರು ೨೦ ಕಿಲೋಮೀಟರು ದಾರಿ. ಈ ದಾರಿಯ ಮಗ್ಗುಲಲ್ಲಿ ಒಂದು ಹಳೆಯ ಅರಳಿಯ ಮರವಿದೆಯೆಂದು ಭಾವಿಸೋಣ. ಅದರ ಗುರುತನ್ನು ಹೇಳೆಂದರೆ ತುಮಕೂರಿನವನು 'ನಮ್ಮೂರಿನಿಂದ ೧೪ ಕಿಲೋಮೀಟರು' ಎನ್ನುವನು. ಗುಬ್ಬಿಯವನು 'ನಮ್ಮೂರಿನಿಂದ ೬ ಕಿಲೋಮೀಟರು' ಎನ್ನುವನು. ಮಾತು ಎರಡು, ಮರ ಒಂದೇ. ಇಬ್ಬರೂ ಹೇಳಿದ್ದು ನಿಜವೇ. ಆದರೆ 'ಎಲ್ಲಿಂದ' ಎಂಬುದನ್ನು ಬಿಟ್ಟು ಬರಿಯ ೧೪ ಎಂದರೆ ಆ ಸಂಖ್ಯೆಗೆ ಅರ್ಥವಿಲ್ಲ. ಭೌತಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯಲ್ಲ. ಸ್ಥಾನವನ್ನು ಹೇಳುವ ಮೊದಲು ಮೂಲಬಿಂದುವನ್ನು ಹೇಳಬೇಕೆಂಬುದು ನಾವು ಕಲಿಯುವ ಮೊದಲನೆಯ ಪಾಠಗಳಲ್ಲೊಂದು.

ಗುರುತು ಹೇಳುವ ಇನ್ನೊಂದು ಬಗೆಯೂ ಉಂಟು. ಕುಣಿಗಲ್ ತಾಲ್ಲೂಕಿನ ರೈತನು ತನ್ನ ಹೊಲದ ಗುರುತಾಗಿ ಸರ್ವೆ ನಂಬರನ್ನು ಹೇಳುವನು. ಈ ನಂಬರಿನಲ್ಲಿ ದೂರವಿಲ್ಲ, ದಿಕ್ಕಿಲ್ಲ. ಆದರೆ ನಂಬರನ್ನು ಹಿಡಿದು ಪಹಣಿಯನ್ನು ತೆಗೆದರೆ ಹೊಲದ ವಿಸ್ತೀರ್ಣ ಎಷ್ಟು ಎಕರೆ ಎಷ್ಟು ಗುಂಟೆ, ಅದು ಯಾರ ಸ್ವಾಧೀನದಲ್ಲಿದೆ, ಅದರ ಮೇಲೆ ಯಾವ ಹಕ್ಕು, ಯಾವ ಋಣ ಉಂಟು ಎಂಬುದೆಲ್ಲ ತಿಳಿಯುವುದು. ಕರ್ನಾಟಕದ 'ಭೂಮಿ' ಯೋಜನೆಯು ೧೭೬ ತಾಲ್ಲೂಕುಗಳ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ೨೦೦೨ರಲ್ಲಿ ಕೈಬರಹದ ಪಹಣಿಯ ಕಾಲ ಮುಗಿಯಿತು.

ಪಹಣಿಯು ಗಣಕಯಂತ್ರವನ್ನು ಸೇರಿದ್ದು ಹೀಗೆ. ಆದರೆ ಅದಕ್ಕೂ ಎಷ್ಟೋ ಮೊದಲೇ ಗಣಕಯಂತ್ರದ ಹೊಟ್ಟೆಯೊಳಗೆ ಅದರದೇ ಆದ ಒಂದು ಪಹಣಿಯಿತ್ತೆಂದರೆ ವಾಚಕರಿಗೆ ಸೋಜಿಗವೆನಿಸೀತು. ಹಳೆಯ ಯಂತ್ರಗಳಲ್ಲಿ ಪ್ರೋಗ್ರಾಮಿನ ಯಾವ ತುಂಡು ಎಲ್ಲಿದೆ, ಎಷ್ಟು ಉದ್ದವಿದೆ, ಅದನ್ನು ಯಾರು ಮುಟ್ಟಬಹುದು ಎಂಬ ವಿವರವನ್ನು ಹೇಗೆ ಇಡುತ್ತಿದ್ದರು, ಹೇಗೆ ಕೇಳಿ ಪಡೆಯುತ್ತಿದ್ದರು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಇಪ್ಪತ್ತು ತಂತಿ, ಹದಿನಾರು ಮನೆ

ಗಣಕಯಂತ್ರದ ಸ್ಮೃತಿಕೋಶವನ್ನು ಸಾಲುಮನೆಗಳ ಒಂದು ಉದ್ದನೆಯ ಬೀದಿಯೆಂದು ತಿಳಿಯಬಹುದು. ಒಂದೊಂದು ಮನೆಯಲ್ಲಿ ಒಂದೊಂದು ಬೈಟು ವಾಸಿಸುವುದು; ಪ್ರತಿ ಮನೆಗೂ ಒಂದು ಸಂಖ್ಯೆ, ಅದೇ ಅದರ ವಿಳಾಸ. ಇಂಟೆಲ್ ಕಂಪನಿಯು ೧೯೭೮ರಲ್ಲಿ ೮೦೮೬ ಎಂಬ ಪ್ರೊಸೆಸರನ್ನು ಹೊರತಂದಾಗ ಅದಕ್ಕೆ ವಿಳಾಸದ ತಂತಿಗಳು ೨೦ ಇದ್ದವು. ಎರಡರ ೨೦ನೆಯ ಘಾತವೆಂದರೆ ೧೦,೪೮,೫೭೬. ಅಷ್ಟು ಮನೆಗಳ ಬೀದಿಯನ್ನು ಅದು ಕಾಣಬಲ್ಲುದಾಗಿತ್ತು. ಆದರೆ ಅದರೊಳಗಿನ ರಿಜಿಸ್ಟರುಗಳು ೧೬ ಬಿಟ್ಟಿನವು. ಹದಿನಾರು ಬಿಟ್ಟಿನಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ೬೫,೫೩೫. ಹತ್ತು ಲಕ್ಷವನ್ನು ಮೀರಿದ ಮನೆಸಂಖ್ಯೆಯನ್ನು ಇಷ್ಟು ಚಿಕ್ಕ ಚೀಟಿಯಲ್ಲಿ ಬರೆಯುವುದೆಂತು?

ಇದಕ್ಕೆ ಅಂದಿನ ಯಂತ್ರಶಿಲ್ಪಿಗಳು ಕಂಡುಕೊಂಡ ಉಪಾಯ ನಮ್ಮ ಅರಳಿಯ ಮರದ ಉಪಾಯವೇ. ಒಂದು ಚೀಟಿಯ ಬದಲು ಎರಡು ಚೀಟಿ. ಮೊದಲನೆಯದು ಮೂಲಬಿಂದು, ಅಲ್ಲಿಂದ ಆರಂಭವಾಗುವ ಭಾಗಕ್ಕೆ ಸೆಗ್ಮೆಂಟ್ ಎಂದು ಹೆಸರು, ನಾವು ಅದನ್ನು 'ಖಂಡ'ವೆನ್ನೋಣ. ಎರಡನೆಯ ಚೀಟಿ ಆ ಮೂಲದಿಂದ ಇರುವ ದೂರ. ಖಂಡದ ಸಂಖ್ಯೆಯನ್ನು ೧೬ರಿಂದ ಗುಣಿಸಿ ದೂರವನ್ನು ಕೂಡಿದರೆ ನಿಜವಾದ ಮನೆಸಂಖ್ಯೆ ಬರುವುದು. ಖಂಡ ೧೦೦೦, ದೂರ ೨೦೦ ಆದರೆ ಮನೆಸಂಖ್ಯೆ ೧೬,೨೦೦. ಖಂಡ ೧೦೧೦, ದೂರ ೪೦ ಎಂದಿಟ್ಟರೂ ೧೬,೧೬೦ಕ್ಕೆ ೪೦ ಕೂಡಿ ಅದೇ ೧೬,೨೦೦ ಬರುವುದು. ಮಾತು ಎರಡು, ಮರ ಒಂದೇ! ಎರಡೇಕೆ, ಬೀದಿಯ ಬಹುಪಾಲು ಮನೆಗಳಿಗೆ ಈ ರೀತಿಯಲ್ಲಿ ೪,೦೯೬ ಬೇರೆ ಬೇರೆ ಹೆಸರುಗಳುಂಟು.

ಪ್ರೊಸೆಸರಿನಲ್ಲಿ ಇಂಥ ಮೂಲಬಿಂದುಗಳನ್ನು ಹಿಡಿದಿಡಲು ನಾಲ್ಕು ರಿಜಿಸ್ಟರುಗಳಿದ್ದವು. ಅವುಗಳಲ್ಲಿ 'ಸಿ.ಎಸ್.' ಎಂಬುದು ಆಜ್ಞೆಗಳಿರುವ ಭಾಗಕ್ಕೆ ಮೀಸಲು. ಕೋಡ್ ಸೆಗ್ಮೆಂಟ್ ಎಂದು ಇದಕ್ಕೆ ಹೆಸರು. ಕನ್ನಡದಲ್ಲಿ 'ಆಜ್ಞಾಖಂಡ'ವೆಂದರೆ ಸಲ್ಲುವುದು. ಉಳಿದವು ದತ್ತಾಂಶಕ್ಕೆ ಮತ್ತು ತಾತ್ಕಾಲಿಕ ಲೆಕ್ಕಗಳನ್ನು ಒಂದರ ಮೇಲೊಂದಾಗಿ ಪೇರಿಸಿಡುವ ಅಟ್ಟಿಗೆ ಸೇರಿದವು.

ಆಜ್ಞೆಯನ್ನೂ ದತ್ತಾಂಶವನ್ನೂ ಹೀಗೆ ಬೇರೆ ಮಾಡಿ ತಿಳಿಯುವುದು ಏಕೆ ಅವಶ್ಯವೆಂಬುದಕ್ಕೆ ನಮ್ಮ ನುಡಿಯಿಂದಲೇ ಒಂದು ಉದಾಹರಣೆಯನ್ನು ಕೊಡಬಹುದು. ಭಾರತೀಯ ಲಿಪಿಗಳಿಗಾಗಿ ೧೯೯೧ರಲ್ಲಿ ಮಾನಕವಾದ ಇಸ್ಕಿ ಸಂಕೇತದಲ್ಲಿ 'ಕ' ಅಕ್ಷರಕ್ಕೆ ಸಂದಿರುವ ಸಂಖ್ಯೆ ೧೭೯. ಇದೇ ೧೭೯ ಎಂಬ ಬೈಟು ಆಜ್ಞಾಖಂಡದಲ್ಲಿ ಸಿಕ್ಕಿದರೆ ೮೦೮೬ ಪ್ರೊಸೆಸರು ಅದನ್ನು 'ಮುಂದಿನ ಬೈಟನ್ನು ಬಿ.ಎಲ್. ರಿಜಿಸ್ಟರಿಗೆ ಹಾಕು' ಎಂಬ ಆಜ್ಞೆಯೆಂದು ಓದುವುದು. ಬೈಟಿನ ಮುಖ ನೋಡಿ ಅದು ಅಕ್ಷರವೋ ಆಜ್ಞೆಯೋ ಎಂದು ಹೇಳುವ ಹಾಗಿಲ್ಲ; ಅದು ಯಾವ ಖಂಡದಲ್ಲಿದೆ ಎಂಬುದೇ ಅದರ ಅರ್ಥವನ್ನು ನಿರ್ಧರಿಸುವುದು.

ಬೇಲಿಯಿಲ್ಲದ ಹೊಲ

೧೯೮೧ರಲ್ಲಿ ಐಬಿಎಂ ಕಂಪನಿಯ ಪರ್ಸನಲ್ ಕಂಪ್ಯೂಟರು ಬಂದಿತು. ಅದರ ೮೦೮೮ ಪ್ರೊಸೆಸರು ೮೦೮೬ರ ಒಡಹುಟ್ಟು. ಅದರ ಮೇಲೆ ನಡೆಯುತ್ತಿದ್ದ ಕಾರ್ಯಾಚರಣ ವ್ಯವಸ್ಥೆಯೇ ಡಾಸ್. ಈ ಯಂತ್ರದಲ್ಲಿ ಪ್ರೋಗ್ರಾಮು 'ನಾನೆಲ್ಲಿದ್ದೇನೆ?' ಎಂದು ತನ್ನನ್ನೇ ಕೇಳಿಕೊಳ್ಳುವುದು ಬಲು ಸುಲಭ. ಸಿ.ಎಸ್. ರಿಜಿಸ್ಟರಿನಲ್ಲಿರುವುದನ್ನು ಇನ್ನೊಂದು ರಿಜಿಸ್ಟರಿಗೆ ನಕಲು ಮಾಡಿಕೊಳ್ಳಲು ಒಂದೇ ಆಜ್ಞೆ ಸಾಕು. ಆ ಸಂಖ್ಯೆಯನ್ನು ೧೬ರಿಂದ ಗುಣಿಸಿದರೆ ಆಜ್ಞಾಖಂಡದ ಆರಂಭ ಸಿಕ್ಕಿತು.

ಆದರೆ ಖಂಡದ ಕೊನೆ ಎಲ್ಲಿ? ಅದನ್ನು ಪ್ರೊಸೆಸರು ಎಲ್ಲಿಯೂ ಬರೆದಿಡುತ್ತಿರಲಿಲ್ಲ. ಆರಂಭದ ಕಲ್ಲುಂಟು, ಬೇಲಿಯಿಲ್ಲ. ಆದುದರಿಂದ ಡಾಸ್ ವ್ಯವಸ್ಥೆಯೇ ಒಂದು ಸರಳ ಲೆಕ್ಕವನ್ನಿಟ್ಟುಕೊಂಡಿತ್ತು. ತಾನು ಹಂಚಿಕೊಟ್ಟ ಪ್ರತಿ ಜಾಗದ ಮುಂದೆಯೂ ೧೬ ಬೈಟುಗಳ ಒಂದು ತಲೆಚೀಟಿಯನ್ನು ಅದು ಇಡುತ್ತಿತ್ತು. ಚೀಟಿಯ ಮೊದಲ ಬೈಟು 'ಎಂ' ಎಂಬ ಅಕ್ಷರವಾದರೆ ಮುಂದೆ ಇನ್ನೂ ಜಾಗಗಳಿವೆಯೆಂದೂ, 'ಝೆಡ್' ಆದರೆ ಇದೇ ಕೊನೆಯದೆಂದೂ ಅರ್ಥ. ಅನಂತರದ ಎರಡು ಬೈಟು ಜಾಗದ ಒಡೆಯನ ಗುರುತು. ಅದರಾಚೆಯ ಎರಡು ಬೈಟು ಜಾಗದ ಅಳತೆ, ಹದಿನಾರರ ಲೆಕ್ಕದಲ್ಲಿ. ಅಲ್ಲಿ ೩,೦೦೦ ಎಂದಿದ್ದರೆ ಜಾಗ ೪೮,೦೦೦ ಬೈಟು. ಡಾಸ್‌ನ ಒಂದು ಸೇವೆಯನ್ನು ಕೇಳಿ ನಡೆಯುತ್ತಿರುವ ಪ್ರೋಗ್ರಾಮಿನ ಮೊದಲ ಖಂಡಸಂಖ್ಯೆಯನ್ನು ಪಡೆದು, ಅದರಿಂದ ಒಂದನ್ನು ಕಳೆದರೆ ಈ ತಲೆಚೀಟಿಯ ಜಾಗಕ್ಕೆ ತಲುಪಬಹುದಾಗಿತ್ತು.

ಇದರಲ್ಲಿ ಎರಡು ಕೊರತೆಗಳಿದ್ದವು. ಮೊದಲನೆಯದು, ಚೀಟಿಯು ಇಡೀ ಪ್ರೋಗ್ರಾಮಿನ ಜಾಗವನ್ನು ಹೇಳುವುದೇ ಹೊರತು ಅದರೊಳಗಿನ ಒಂದೊಂದು ಆಜ್ಞಾಖಂಡದ ಅಳತೆಯನ್ನಲ್ಲ. ಎರಡನೆಯದು ಇನ್ನೂ ಗುರುತರವಾದದ್ದು. ಈ ಚೀಟಿಗೆ ಕಾವಲಿಲ್ಲ. ತಪ್ಪಿದ ಒಂದು ವಿಳಾಸವನ್ನು ಹಿಡಿದು ಪ್ರೋಗ್ರಾಮು ನೆರೆಯವರ ಜಾಗದಲ್ಲಿ ಬರೆಯಹೊರಟರೆ ತಡೆಯುವವರೇ ಇರಲಿಲ್ಲ. ಅದು ತಲೆಚೀಟಿಯನ್ನೇ ಅಳಿಸಬಹುದು, ಡಾಸ್‌ನ ಮೇಲೆಯೇ ಗೀಚಬಹುದು. ಆಗ ಯಂತ್ರವೇ ಸ್ತಬ್ಧ. ದಿನವೆಲ್ಲ ಬರೆದ ಲೆಕ್ಕ ಒಂದು ಕ್ಷಣದಲ್ಲಿ ಹೋಗುತ್ತಿತ್ತು.

ನಂಬರಿನಿಂದ ಪಹಣಿಗೆ

ಬೇಲಿಯ ಯೋಚನೆ ಹೊಸದೇನೂ ಆಗಿರಲಿಲ್ಲ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವು ಆರಂಭವಾದದ್ದು ೧೯೬೩ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, ೧೯೬೧ರಲ್ಲಿಯೇ, ಅಮೆರಿಕದ ಬರೋಸ್ ಕಂಪನಿಯು ಪ್ರಕಟಿಸಿದ ಬಿ ೫೦೦೦ ಎಂಬ ದೊಡ್ಡ ಯಂತ್ರದಲ್ಲಿ ಪ್ರತಿ ಖಂಡಕ್ಕೂ ಒಂದು ವಿವರಪತ್ರವಿರುತ್ತಿತ್ತು. ಮೇಜಿನ ಮೇಲಿನ ಚಿಕ್ಕ ಯಂತ್ರಕ್ಕೆ ಆ ಭಾಗ್ಯ ಬಂದದ್ದು ೧೯೮೨ರಲ್ಲಿ, ೮೦೨೮೬ ಪ್ರೊಸೆಸರಿನಿಂದ.

ಇಲ್ಲಿ ಒಂದು ದೊಡ್ಡ ಮಾರ್ಪಾಡನ್ನು ಕಾಣುತ್ತೇವೆ. ಈ ಪ್ರೊಸೆಸರಿನ ರಕ್ಷಿತ ವಿಧಾನದಲ್ಲಿ ಖಂಡದ ರಿಜಿಸ್ಟರಿನಲ್ಲಿರುವ ಸಂಖ್ಯೆಯು ದೂರವನ್ನಾಗಲಿ ಸ್ಥಾನವನ್ನಾಗಲಿ ಹೇಳುವುದಿಲ್ಲ. ಅದು ಬರಿಯ ಸರ್ವೆ ನಂಬರು! ಆ ನಂಬರನ್ನು ಹಿಡಿದು ಸ್ಮೃತಿಯಲ್ಲಿರುವ ಒಂದು ಪಟ್ಟಿಯನ್ನು ನೋಡಬೇಕು. ಪಟ್ಟಿಯಲ್ಲಿ ಪ್ರತಿ ಖಂಡಕ್ಕೂ ೮ ಬೈಟುಗಳ ಒಂದು ವಿವರಪತ್ರ. ೮೦೨೮೬ರಲ್ಲಿ ಅದರ ಎರಡು ಬೈಟು ಖಂಡದ ಮೇರೆ, ಮೂರು ಬೈಟು ಆರಂಭದ ವಿಳಾಸ, ಒಂದು ಬೈಟು ಹಕ್ಕು. ಉಳಿದೆರಡು ಮುಂದಿನ ಕಾಲಕ್ಕೆ ಮೀಸಲು. ಹಕ್ಕಿನ ಬೈಟು ಇದು ಆಜ್ಞಾಖಂಡವೋ ದತ್ತಾಂಶದ ಖಂಡವೋ, ಈಗ ಸ್ಮೃತಿಯಲ್ಲಿದೆಯೋ ಇಲ್ಲವೋ, ಯಾವ ದರ್ಜೆಯ ಪ್ರೋಗ್ರಾಮು ಇದನ್ನು ಮುಟ್ಟಬಹುದು ಎಂಬುದನ್ನು ತಿಳಿಸುವುದು. ಆಜ್ಞಾಖಂಡವೆಂದು ಬರೆದಿದ್ದರೆ ಅದರೊಳಗೆ ಏನನ್ನೂ ಬರೆಯುವಂತಿಲ್ಲ. ಪಹಣಿಯೆಂದು ನಾವು ಕರೆದದ್ದು ಇದನ್ನೇ.

ನಂಬರಿನ ರಚನೆಯೂ ಸೊಗಸಾಗಿದೆ. ಅದರ ೧೬ ಬಿಟ್ಟುಗಳಲ್ಲಿ ೧೩ ಪಟ್ಟಿಯಲ್ಲಿನ ಕ್ರಮಸಂಖ್ಯೆಗೆ. ಒಂದು, ಪಟ್ಟಿ ಎಲ್ಲರಿಗೂ ಸೇರಿದ್ದೋ ಆಯಾ ಪ್ರೋಗ್ರಾಮಿಗೆ ಪ್ರತ್ಯೇಕವಾದದ್ದೋ ಎಂಬುದಕ್ಕೆ. ಕೊನೆಯ ಎರಡು, ಕೇಳುವವನ ದರ್ಜೆಗೆ. ಉದಾಹರಣೆಗೆ ನಂಬರು ೪೭ ಎಂದಿರಲಿ. ಎಂಟರಿಂದ ಭಾಗಿಸಿದರೆ ಭಾಗಲಬ್ಧ ೫, ಶೇಷ ೭. ಶೇಷವನ್ನು ೪ ಮತ್ತು ೩ ಎಂದು ಒಡೆದರೆ, ನಾಲ್ಕು ಎಂಬುದು ಪ್ರತ್ಯೇಕ ಪಟ್ಟಿಯನ್ನೂ ಮೂರು ಎಂಬುದು ಸಾಮಾನ್ಯ ಪ್ರೋಗ್ರಾಮಿನ ದರ್ಜೆಯನ್ನೂ ಸೂಚಿಸುವುವು. ಎಂದರೆ, ಪ್ರತ್ಯೇಕ ಪಟ್ಟಿಯ ೫ನೆಯ ಕ್ರಮಸಂಖ್ಯೆಯ ಪಹಣಿ. ದರ್ಜೆಗಳು ಸೊನ್ನೆಯಿಂದ ಮೂರರವರೆಗೆ ನಾಲ್ಕು. ಸೊನ್ನೆಯದು ಸರ್ವಾಧಿಕಾರಿ, ಮೂರನೆಯದು ಸಾಮಾನ್ಯ ಪ್ರಜೆ.

ಈಗ ವಿವರವನ್ನು ಕೇಳಿ ಪಡೆಯುವುದಕ್ಕೆ ಪ್ರೊಸೆಸರೇ ಆಜ್ಞೆಗಳನ್ನು ಒದಗಿಸಿತು. 'ಎಲ್.ಎಸ್.ಎಲ್.' ಎಂಬ ಆಜ್ಞೆಯು ಖಂಡದ ಮೇರೆಯನ್ನು ತಿಳಿಸುವುದು, 'ಎಲ್.ಎ.ಆರ್.' ಎಂಬುದು ಹಕ್ಕನ್ನು ತಿಳಿಸುವುದು. ಕೇಳಿದ ನಂಬರಿಗೆ ಪಹಣಿಯೇ ಇಲ್ಲದಿದ್ದರೆ, ಅಥವಾ ಕೇಳುವವನಿಗೆ ಅದನ್ನು ನೋಡುವ ಅಧಿಕಾರವಿಲ್ಲದಿದ್ದರೆ, ಯಂತ್ರ ಕೆಡುವುದಿಲ್ಲ. 'ಉತ್ತರವಿಲ್ಲ' ಎಂಬ ಸೂಚನೆ ಮಾತ್ರ ದೊರೆಯುವುದು. ಆದರೆ ಆರಂಭದ ವಿಳಾಸವನ್ನು ಹೇಳುವ ಇಂಥ ಆಜ್ಞೆಯಿಲ್ಲ. ಸಾಮಾನ್ಯ ಪ್ರಜೆಗೆ ಅದರ ಅವಶ್ಯಕತೆ ಇರಬಾರದೆಂಬುದೇ ವ್ಯವಸ್ಥೆಯ ಆಶಯ. ಬೇಕೇ ಬೇಕೆಂದರೆ ಕಾರ್ಯಾಚರಣ ವ್ಯವಸ್ಥೆಯನ್ನು ಕೇಳಿ ಪಡೆಯಬೇಕು.

ಈ ಆಶಯದಲ್ಲಿ ಭೌತಶಾಸ್ತ್ರದ ಒಂದು ಪರಿಚಿತ ತತ್ತ್ವ ಅಡಗಿದೆ. ಮೂಲಬಿಂದುವನ್ನು ಸರಿಸಿದರೂ ಒಂದು ವಸ್ತುವಿನ ಭಾಗಗಳ ನಡುವಣ ಅಂತರ ಬದಲಾಗುವುದಿಲ್ಲ. ಖಂಡವನ್ನು ಸ್ಮೃತಿಯ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿ ಪಹಣಿಯಲ್ಲಿ ಆರಂಭದ ವಿಳಾಸವೊಂದನ್ನು ತಿದ್ದಿದರೆ ಸಾಕು. ಒಳಗಿನ ದೂರಗಳೆಲ್ಲ ಇದ್ದಂತೆಯೇ ಇರುವುವು. ನಂಬರೂ ಬದಲಾಗದು. ತನ್ನನ್ನು ಸಾಗಿಸಿದರೆಂಬ ಅರಿವೂ ಇಲ್ಲದೆ ಪ್ರೋಗ್ರಾಮು ತನ್ನ ಕೆಲಸವನ್ನು ಮುಂದುವರಿಸುವುದು. ಮೇರೆಯನ್ನು ದಾಟಿದ ವಿಳಾಸ ಬಂದರೆ ಮಾತ್ರ ಪ್ರೊಸೆಸರು ೧೩ನೆಯ ಸಂಖ್ಯೆಯ ದೋಷವನ್ನು ಘೋಷಿಸಿ ಪ್ರೋಗ್ರಾಮನ್ನು ಅಲ್ಲಿಯೇ ತಡೆಯುವುದು. ನೆರೆಯ ಹೊಲ ಉಳಿಯಿತು!

ಕಡತದಲ್ಲಿರುವ ಮೂಲಪಟ್ಟಿ

ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ೩.೦ ಬಂದದ್ದು ೧೯೯೦ರಲ್ಲಿ, ೩.೧ ಬಂದದ್ದು ೧೯೯೨ರಲ್ಲಿ. ಸ್ಮೃತಿ ಕಡಮೆಯಿದ್ದ ಕಾಲವದು. ಆದ್ದರಿಂದ ವಿಂಡೋಸು ಪ್ರೋಗ್ರಾಮನ್ನು ಹಲವು ಆಜ್ಞಾಖಂಡಗಳಾಗಿ ಒಡೆದು, ಬೇಕಾದಾಗ ಡಿಸ್ಕಿನಿಂದ ತಂದು, ಬೇಡವಾದಾಗ ಹೊರಹಾಕುತ್ತಿತ್ತು. ಹೊರಹಾಕಿದ್ದನ್ನು ಮತ್ತೆ ತರಬೇಕಾದರೆ ಅದು ಕಡತದ ಯಾವ ಮೂಲೆಯಲ್ಲಿತ್ತೆಂದು ನೆನಪಿರಬೇಕಷ್ಟೆ. ಅದಕ್ಕಾಗಿ ಪ್ರತಿ ಪ್ರೋಗ್ರಾಮಿನ ಕಡತದಲ್ಲಿಯೂ ಒಂದು ಖಂಡಪಟ್ಟಿಯಿರುತ್ತಿತ್ತು.

ಈ ಪಟ್ಟಿಯ ವಿವರವನ್ನು ಪ್ರೋಗ್ರಾಮು ಬರೆಯುವವರು ಪಡೆಯಲೆಂದು ವಿಂಡೋಸ್ ೩.೧ರಲ್ಲಿ 'ಗೆಟ್‌ಕೋಡ್‌ಇನ್ಫೊ' ಎಂಬ ಸೇವೆಯಿತ್ತು. ಆಜ್ಞಾಖಂಡದೊಳಗಿನ ಯಾವುದಾದರೊಂದು ಕಾರ್ಯಭಾಗದ ವಿಳಾಸವನ್ನು ಕೊಟ್ಟರೆ ಅದು ಖಂಡದ ವಿವರವನ್ನು ತುಂಬಿಕೊಡುತ್ತಿತ್ತು: ಕಡತದಲ್ಲಿ ಖಂಡವಿರುವ ಸ್ಥಾನ, ಕಡತದಲ್ಲಿ ಅದರ ಉದ್ದ, ಲಕ್ಷಣಗಳು, ಸ್ಮೃತಿಯಲ್ಲಿ ಅದಕ್ಕೆ ಕೊಟ್ಟ ಜಾಗ, ಸ್ಮೃತಿಯಲ್ಲಿ ಅದರ ಗುರುತು, ಮತ್ತು ಸ್ಥಾನವನ್ನು ಎಣಿಸುವ ಮಾನ.

ಕೊನೆಯದನ್ನು ಸ್ವಲ್ಪ ವಿವರಿಸಬೇಕು. ಸ್ಥಾನ ೨೫ ಎಂದು ಉತ್ತರ ಬಂದರೆ ಅದು ೨೫ ಬೈಟಲ್ಲ. ಮಾನವು ೯ ಆಗಿದ್ದರೆ ಎರಡರ ೯ನೆಯ ಘಾತ, ಎಂದರೆ ೫೧೨, ಇದರಿಂದ ಗುಣಿಸಬೇಕು. ಖಂಡವು ಕಡತದ ಆರಂಭದಿಂದ ೧೨,೮೦೦ ಬೈಟುಗಳಾಚೆ ಇರುವುದು. ಮಾನ ೪ ಆದರೆ ೨೫ನ್ನು ೧೬ರಿಂದ ಗುಣಿಸಿ ೪೦೦. ಮೂಲಬಿಂದುವಿನ ಜೊತೆಗೆ ಅಳತೆಯ ಏಕಮಾನವನ್ನೂ ಕೇಳದೆ ಸಂಖ್ಯೆಯನ್ನು ನಂಬಬಾರದೆಂಬ ನಮ್ಮ ಪ್ರಯೋಗಶಾಲೆಯ ನಿಯಮ ಇಲ್ಲಿಯೂ ಸಲ್ಲುವುದು. ಉದ್ದದ ಜಾಗದಲ್ಲಿ ಸೊನ್ನೆ ಇದ್ದರೆ ಖಂಡವೇ ಇಲ್ಲವೆಂದು ತಿಳಿಯಬಾರದು. ಪೂರ್ಣ ಖಂಡದ ಉದ್ದ ೬೫,೫೩೬. ಆ ಸಂಖ್ಯೆ ೧೬ ಬಿಟ್ಟಿನಲ್ಲಿ ಹಿಡಿಸದಾದ್ದರಿಂದ ಅದಕ್ಕೆ ಬದಲಾಗಿ ಸೊನ್ನೆಯನ್ನು ಬರೆಯುವ ರೂಢಿ.

ಲಕ್ಷಣಗಳೂ ಒಂದೇ ಸಂಖ್ಯೆಯಲ್ಲಿ ಅಡಕವಾಗಿರುವುವು. ಒಂದು ಸೇರಿದ್ದರೆ ದತ್ತಾಂಶ, ಇಲ್ಲದಿದ್ದರೆ ಆಜ್ಞೆ. ೧೬ ಸೇರಿದ್ದರೆ ಸ್ಥಳಾಂತರಿಸಬಹುದಾದದ್ದು. ೬೪ ಸೇರಿದ್ದರೆ ಪ್ರೋಗ್ರಾಮು ಆರಂಭವಾಗುವಾಗಲೇ ತರಬೇಕಾದದ್ದು. ೨೫೬ ಸೇರಿದ್ದರೆ ತಂದಮೇಲೆ ಒಳಗಿನ ಕೆಲವು ವಿಳಾಸಗಳನ್ನು ತಿದ್ದಬೇಕಾದದ್ದು. ಹಾಗಾದರೆ ೩೩೬ ಎಂದರೇನು? ೨೫೬, ೬೪, ೧೬ ಕೂಡಿದರೆ ೩೩೬. ಒಂದು ಸೇರಿಲ್ಲ, ಆದುದರಿಂದ ಇದು ಆಜ್ಞಾಖಂಡ, ಸ್ಥಳಾಂತರಿಸಬಹುದು, ಮೊದಲೇ ತರಬೇಕು, ವಿಳಾಸಗಳನ್ನು ತಿದ್ದಬೇಕು. ಸಂಖ್ಯೆಯನ್ನು ಹೀಗೆ ಒಡೆದು ನೋಡುವ ಅಭ್ಯಾಸವಾದರೆ ಒಗಟೆಂಬಂತೆ ಕಂಡದ್ದು ವಾಕ್ಯವಾಗುವುದು.

ಇದರಿಂದ ಪ್ರಯೋಜನವೇನು?

ಕಾಲ ಕಳೆದ ಯಂತ್ರಗಳ ಪುರಾಣವನ್ನು ಇಂದು ಕೇಳುವುದೇಕೆಂದು ವಾಚಕರು ಕೇಳಬಹುದು. ಗುಬ್ಬಿಯಲ್ಲಿ ಒಂದು ಅಡಿಕೆ ಮಂಡಿಯಿದೆಯೆಂದು ಊಹಿಸೋಣ. ಅದರ ಯಜಮಾನರು ೧೯೯೩ರಲ್ಲಿ ಲೆಕ್ಕದ ಒಂದು ಪ್ರೋಗ್ರಾಮನ್ನು ಬರೆಯಿಸಿಕೊಂಡರು. ಯಾವ ರೈತನಿಗೆ ಎಷ್ಟು ಮುಂಗಡ, ಯಾರಿಂದ ಎಷ್ಟು ಬಾಕಿ, ಎಲ್ಲವೂ ಅದರಲ್ಲಿದೆ. ಬರೆದವನು ಊರು ಬಿಟ್ಟಿದ್ದಾನೆ. ಮೂಲಬರಹ ಯಾರ ಬಳಿಯೂ ಇಲ್ಲ. ಹಳೆಯ ಯಂತ್ರ ಕೆಟ್ಟಿತು, ಹೊಸದು ಬಂದಿತು. ಹೊಸದರಲ್ಲಿ ಪ್ರೋಗ್ರಾಮು ನಡೆಯಲೊಲ್ಲದು. ಇದು ಯಾರ ಹಟವೂ ಅಲ್ಲ. ೬೪ ಬಿಟ್ಟಿನ ವಿಂಡೋಸು ೧೬ ಬಿಟ್ಟಿನ ಪ್ರೋಗ್ರಾಮುಗಳನ್ನು ನಡೆಸುವುದಿಲ್ಲ. ೨೦೨೧ರಲ್ಲಿ ಬಂದ ವಿಂಡೋಸ್ ೧೧ ಮನೆ ಮತ್ತು ಕಚೇರಿಯ ಯಂತ್ರಗಳಿಗೆ ೬೪ ಬಿಟ್ಟಿನ ರೂಪದಲ್ಲಿ ಮಾತ್ರವೇ ದೊರೆಯುವುದು.

ಇಂಥಲ್ಲಿ ಹಳೆಯ ಪಹಣಿಯನ್ನು ಓದಬಲ್ಲವನು ಬೇಕಾಗುವನು. ಅವನು ಮೊದಲು ಮಾಡಬೇಕಾದ ಕೆಲಸ, ಹಳೆಯ ಡಿಸ್ಕಿನ ಪೂರ್ಣ ಪ್ರತಿಯೊಂದನ್ನು ತೆಗೆದು ಮೂಲವನ್ನು ಮುಟ್ಟದೆ ಇಡುವುದು. ಆಮೇಲೆ ಪ್ರೋಗ್ರಾಮಿನ ಕಡತವನ್ನು ತೆರೆದು ಮೊದಲೆರಡು ಬೈಟುಗಳನ್ನು ನೋಡಬೇಕು. ಅಲ್ಲಿ 'ಎಂ', 'ಝೆಡ್' ಎಂಬ ಅಕ್ಷರಗಳಿದ್ದರೆ ಅದು ಡಾಸ್ ವಂಶದ್ದು. ಈ ಅಕ್ಷರಗಳು ಆ ರಚನೆಯನ್ನು ರೂಪಿಸಿದ ಮಾರ್ಕ್ ಝ್ಬಿಕೋವ್‌ಸ್ಕಿ ಎಂಬ ಎಂಜಿನಿಯರರ ಹೆಸರಿನ ಮೊದಲಕ್ಷರಗಳು. ಮುಂದೆ 'ಎನ್', 'ಇ' ಎಂಬ ಎರಡನೆಯ ತಲೆಬರಹವೂ ಸಿಕ್ಕಿದರೆ ಅದು ವಿಂಡೋಸಿನ ೧೬ ಬಿಟ್ಟಿನ ಕಾಲದ್ದು, ಅದರಲ್ಲಿ ಖಂಡಪಟ್ಟಿಯಿರುವುದು. ಪಟ್ಟಿಯನ್ನು ಓದಿದರೆ ಆಜ್ಞೆ ಯಾವುದು, ದತ್ತಾಂಶ ಯಾವುದು ಎಂಬುದು ಬೇರೆ ಬೇರೆಯಾಗಿ ನಿಲ್ಲುವುದು. ಪಟ್ಟಿಯನ್ನು ನೋಡದೆ ಕಡತವನ್ನೆಲ್ಲ ಆಜ್ಞೆಗಳೆಂದು ಓದಹೊರಟರೆ 'ಕ' ಅಕ್ಷರವೂ ಆಜ್ಞೆಯಾಗಿ ಕಂಡೀತು! ಹಳೆಯ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್‌ನಂಥ ಪ್ರೋಗ್ರಾಮಿನೊಳಗೆ ಪ್ರತಿಯನ್ನು ನಡೆಸಿ, ರೈತರ ಲೆಕ್ಕವನ್ನು ಹೊರತೆಗೆದು ಹೊಸ ವ್ಯವಸ್ಥೆಗೆ ಸಾಗಿಸುವುದು ಆಮೇಲಿನ ಕೆಲಸ. ಹೆಸರುಗಳು ಇಸ್ಕಿ ಸಂಕೇತದಲ್ಲಿದ್ದರೆ ೧೭೯ ಎಂಬುದನ್ನು ಯೂನಿಕೋಡಿನಲ್ಲಿ ಕನ್ನಡ 'ಕ'ಕಾರಕ್ಕಿರುವ ೩,೨೨೧ ಎಂದು ಬದಲಿಸುತ್ತ ಹೋಗಬೇಕು. ಇದೆಲ್ಲ ಸರಿಹೋದರೆ ಬಡರೈತನಿಗೆ ಸಲ್ಲಬೇಕಾದ ಬಾಕಿ ಸಲ್ಲುವುದು. ಇಲ್ಲವಾದರೆ ಬಾಯಿಮಾತೇ ಸಾಕ್ಷಿ.

ಇಂದಿಗೂ ಉಳಿದ ಗುರುತು

೧೯೮೫ರಲ್ಲಿ ಬಂದ ೮೦೩೮೬ ಪ್ರೊಸೆಸರು ಖಂಡದ ಮೇರೆಯನ್ನು ೪ ಗಿಗಾಬೈಟಿನವರೆಗೆ ಹಿಗ್ಗಿಸಿತು. ಇಡೀ ಬೀದಿಯೇ ಒಂದು ಖಂಡವಾಗಬಲ್ಲುದಾದ ಮೇಲೆ ತುಂಡು ಮಾಡುವ ಅವಶ್ಯಕತೆ ಕಡಮೆಯಾಯಿತು. ೪,೦೯೬ ಬೈಟುಗಳ ಪುಟಗಳಿಗೆ ಒಂದೊಂದಕ್ಕೂ ಹಕ್ಕನ್ನು ಬರೆದಿಡುವ ಬೇರೊಂದು ಏರ್ಪಾಟು ಕಾವಲಿನ ಕೆಲಸವನ್ನು ವಹಿಸಿಕೊಂಡಿತು. ೨೦೦೩ರಲ್ಲಿ ಎಎಂಡಿ ಕಂಪನಿಯು ಇದೇ ವಂಶದ ೬೪ ಬಿಟ್ಟಿನ ಪ್ರೊಸೆಸರನ್ನು ತಂದಾಗ, ಅದರ ಹೊಸ ವಿಧಾನದಲ್ಲಿ ಆಜ್ಞಾಖಂಡದ ಆರಂಭವನ್ನು ಸೊನ್ನೆಯೆಂದೇ ಎಣಿಸಿ, ಮೇರೆಯ ಪರೀಕ್ಷೆಯನ್ನು ಕೈಬಿಡಲಾಯಿತು.

ಆದರೂ ಸಿ.ಎಸ್. ರಿಜಿಸ್ಟರು ಮಾಯವಾಗಲಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಬಹುಕಾಲ ೮೦೮೬ರ ಪ್ರಯೋಗಗಳಿದ್ದವು. ಅದನ್ನು ಕಲಿತವರಿಗೆ ಈಗ ಹೇಳುವ ಪ್ರಯೋಗ ಹಳೆಯ ಗೆಳೆಯನನ್ನು ಕಂಡಂತಾದೀತು. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿರುವ, ೬೪ ಬಿಟ್ಟಿನ ಲಿನಕ್ಸ್ ನಡೆಯುವ ಯಂತ್ರವೊಂದರಲ್ಲಿ ಯಾವುದಾದರೂ ಚಿಕ್ಕ ಪ್ರೋಗ್ರಾಮನ್ನು 'ಜಿಡಿಬಿ' ಎಂಬ ದೋಷಶೋಧಕದಿಂದ ನಡುವೆ ನಿಲ್ಲಿಸಿ ರಿಜಿಸ್ಟರುಗಳ ಪಟ್ಟಿಯನ್ನು ನೋಡಿರಿ. ಸಿ.ಎಸ್. ಎಂಬುದರ ಮುಂದೆ ೫೧ ಎಂದು ಕಾಣುವುದು. ಎಂಟರಿಂದ ಭಾಗಿಸಿರಿ: ಭಾಗಲಬ್ಧ ೬, ಶೇಷ ೩. ಶೇಷದಲ್ಲಿ ನಾಲ್ಕಿಲ್ಲ, ಆದುದರಿಂದ ಎಲ್ಲರಿಗೂ ಸೇರಿದ ಪಟ್ಟಿಯ ೬ನೆಯ ಕ್ರಮಸಂಖ್ಯೆ, ದರ್ಜೆ ಮೂರು. ಆ ಪಹಣಿಯ ಒಂದು ಬಿಟ್ಟು ಈ ಪ್ರೋಗ್ರಾಮು ೬೪ ಬಿಟ್ಟಿನದೆಂದು ಪ್ರೊಸೆಸರಿಗೆ ಇಂದಿಗೂ ಹೇಳುತ್ತಿರುವುದು.

೧೯೮೨ರಲ್ಲಿ ಗೊತ್ತುಮಾಡಿದ ನಂಬರಿನ ರಚನೆ ಇನ್ನೂ ಅಳಿದಿಲ್ಲವೆಂಬುದಕ್ಕೆ ಆ ೫೧ ಎಂಬ ಸಂಖ್ಯೆಯೇ ಸಾಕ್ಷಿ. ನಮ್ಮ ವಿದ್ಯಾರ್ಥಿಗಳು ಅದನ್ನು ಓದಿ ನಂಬಿದರೆ ಸಾಲದು. ಯಂತ್ರದ ಮುಂದೆ ಕುಳಿತು ತಾವೇ ಕಾಣಬೇಕು. ಹತ್ತು ನಿಮಿಷದ ಕೆಲಸ. ಜೊತೆಗೆ, ಮನೆಯಲ್ಲಾಗಲಿ ಊರಿನ ಅಂಗಡಿಯಲ್ಲಾಗಲಿ ಹಳೆಯ ಲೆಕ್ಕವನ್ನು ಹೊತ್ತ ಡಿಸ್ಕು ಯಾವುದಾದರೂ ಮೂಲೆಯಲ್ಲಿ ಬಿದ್ದಿದ್ದರೆ, ಅದು ಕೆಡುವುದಕ್ಕೆ ಮೊದಲು ಪ್ರತಿಯೊಂದನ್ನು ತೆಗೆದಿಡಲಿ.